ಕಾವಲುಗಾರನ ದಾಳ

"ಬಾಳೆತೋಟದ ಕಾವಲುಗಾರ ನಿನ್ನ ಕುದುರೆಗೆ ಸಿಕ್ಕಿ ಬಿದ್ದ," ಎಂದಳು ಅರ್ಚಿತಾ. "ನೀ ಕೆಳಗ ಇಳಿದಿ. ಅವನ ಮೂಗಿಗೆ ಬೆರಳು ಹಿಡಿದಿ. 'ಏಳ್ರಿ ಕಾಕಾ, ಏಳ್ರಿ' ಅಂದಿ."

ಭಾರ್ಗವ ತಲೆಯೆತ್ತಿ ಅವಳನ್ನೇ ನೋಡಿದ.

ಇದು ಬರೀ ಆಟ. ಚಿತ್ತವಾಡ್ಗಿಯ ತನ್ನ ಮನೆಯ ಹೊರಕೋಣೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಅರ್ಚಿತಾ ಕಥೆ ಕಟ್ಟುತ್ತಾಳೆ. ಅವನೂ ಗೆಳೆಯ ಪಂಪೇಶನೂ ಆ ಕಥೆಯೊಳಗಿನ ಸವಾರರಾಗಿ ದಾಳ ಉರುಳಿಸುತ್ತಾರೆ. ಆದರೆ ಆ ಮಾತು ಕಥೆಯದಲ್ಲ. ಎರಡು ತಿಂಗಳ ಹಿಂದೆ, ಕಂಪ್ಲಿ ರಸ್ತೆಯ ಮುಂಜಾನೆ ಮಂಜಿನಲ್ಲಿ, ತನ್ನ ಕಾರಿಗೆ ಸಿಕ್ಕಿ ಬಿದ್ದ ಮುದುಕನಿಗೆ ಅವನೇ ಆಡಿದ ಮಾತು. ಬೆರಳಿಗೆ ಉಸಿರು ತಾಕಲಿಲ್ಲ. ರಸ್ತೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಸತ್ತನೆಂದುಕೊಂಡು ಹೊರಟು ಬಂದಿದ್ದ. ಅಂದಿನಿಂದ ಪತ್ರಿಕೆ ಮುಟ್ಟಿಲ್ಲ.

ಕಾರಿನಲ್ಲಿ ಪಂಪೇಶನೊಬ್ಬನಿದ್ದ. ಗಾಜು ಏರಿಸಿ, ಜೋರಾಗಿ ಹಾಡು ಹಾಕಿಕೊಂಡು ಕೂತಿದ್ದ. ಬಾಯಿ ಬಿಡುವುದಿಲ್ಲವೆಂದು ಅವ್ವನ ಮೇಲೆ ಆಣೆ ಇಟ್ಟಿದ್ದ.

ಈಗ ಅವನು ಮಂಡಕ್ಕಿಯಲ್ಲಿ ಶೇಂಗಾ ಹುಡುಕುತ್ತಿದ್ದ.

"ಸತ್ತ ಅಂತ ಬರಕೋ. ಮುಂದ ನಡಿ," ಎಂದ ಭಾರ್ಗವ.

"ಹೆಂಗ ಸಾಯ್ತಾನ? ನೀ ಬಿದ್ದಾಗ ಮೂರು ಸಲ ದಾಳ ಹಾಕ್ತಿ. ಎರಡು ಗೆದ್ರ ಬದುಕ್ತಿ. ಅವನಿಗೂ ಅದೇ ನಿಯಮ."

"ನಾ ಆಟಗಾರ. ಅವ ಎನ್‌ಪಿಸಿ, ನೀ ಕಥಿ ತುಂಬ್ಸಾಕ ತಂದ ಮನುಷ್ಯಾ. ಅಂಥವ್ರು ಬಿದ್ರ ಸತ್ರು. ಎಲ್ಲಾ ಕಡೆ ಹಂಗ."

"ಅಂಥವ್ರದು ಜೀವ ಅಲ್ಲೇನು?"

"ಲೇ, ಕಾಕಾಗ ಒಂದು ದಾಳ ಕೊಟ್ರ ನಿನ್ನ ಕುದುರಿ ಏನು ಸೊರಗ್ತದ?" ಪಂಪೇಶ ನಕ್ಕ.

ಆ ನಗು ಕಂಡು ಭಾರ್ಗವನಿಗೆ ಖಾತ್ರಿಯಾಯಿತು. ಹೇಳಿದವನು ಇವನೇ. ಕಳೆದ ವಾರ ಅರ್ಚಿತಾ ಸುಮ್ಮನೆ ಕೇಳಿದಂತೆ ಕೇಳಿದ್ದಳು: "ಹೊಸ ಹೆಡ್‌ಲೈಟ್ ಯಾವಾಗ ಹಾಕಿಸಿದಿ?" ಆಸ್ಪತ್ರೆಯಲ್ಲಿ ಮೂಳೆ ಮುರಿದವರಿಗೆ ಮತ್ತೆ ನಡೆಯಲು ಕಲಿಸುವವಳು ಅವಳು, ಕಾರಿನ ಗೊಡವೆ ಅವಳಿಗೇಕೆ? ಕಾವಲುಗಾರ ಬದುಕಿದರೆ ಅವನ ಬಾಯಿಂದ ಅವಳು ಕೇಳಿಸುವ ಪ್ರಶ್ನೆ ಒಂದೇ: ನನಗೆ ಗುದ್ದಿದವರು ಯಾರು? ಎಲ್ಲ ಬಲ್ಲ ಪಂಪೇಶನ ಎದುರು ಕೂತು ಸುಳ್ಳು ಹೇಳುವುದು ಹೇಗೆ? ಕಾವಲುಗಾರ ಇಲ್ಲೇ ಸಾಯಬೇಕು.

ಅವಳು ದಾಳ ಎತ್ತಿಕೊಂಡಳು. ಅವನಿಗೆ ಥಟ್ಟನೆ ದಾರಿ ಹೊಳೆಯಿತು. ಹಿಂದೊಮ್ಮೆ ತಾನೇ ಜಗಳಾಡಿ ಮಾಡಿಸಿದ್ದ ನಿಯಮ.

"ಇಡು ಕೆಳಗ! ಯಾರ ಜೀವಾನೋ ಅವ್ರೇ ದಾಳ ಹಾಕಬೇಕು. ಬ್ಯಾರೆಯವ್ರು ಮುಟ್ಟಂಗಿಲ್ಲ. ಅವನಿಗೂ ನಮ್ಮ ನಿಯಮ ಅಂದ್ರ ಪೂರಾ ನಮ್ಮ ನಿಯಮ."

"ಪೂರಾ?"

"ಪೂರಾ."

ಅರ್ಚಿತಾ ದಾಳವನ್ನು ಮೇಜಿನ ಮೇಲಿಟ್ಟಳು. ಕಥೆಯ ಕಾವಲುಗಾರ ದಾಳ ಹಾಕಲು ಎಲ್ಲಿಂದ ಬಂದಾನು? ಗೆದ್ದೆನೆಂದು ಭಾರ್ಗವ ಕುರ್ಚಿಗೆ ಒರಗಿದ. ಪಂಪೇಶ ಇಬ್ಬರ ಮುಖವನ್ನೂ ನೋಡಿದ, ಏನೂ ತಿಳಿಯದವನ ಹಾಗೆ.

ಅವಳು ಎದ್ದು ಒಳಕೋಣೆಯ ಬಾಗಿಲು ತೆರೆದಳು. "ಪಕೀರಪ್ಪ ಕಾಕಾ, ಬರ್ರಿ. ನೀವೇ ಹಾಕಬೇಕಂತ."

ಊರುಗೋಲು ಊರುತ್ತ ಬಂದ ಮುದುಕ ಭಾರ್ಗವನ ಎದುರು ಮೆಲ್ಲಗೆ ಕೂತು, "ಅವತ್ತು ನೀ ಕರದದ್ದು ಕೇಳಿಸ್ತು ತಮ್ಮಾ, ಏಳಾಕ ಆಗಲಿಲ್ಲ," ಎಂದು ದಾಳಕ್ಕೆ ಕೈ ಚಾಚಿದ.