ಬಾಗಿದ್ದು ನೆಲ

"ಸಮಾನಾಂತರ ರೇಖೆಗಳು ಎಲ್ಲೂ ಸೇರಲ್ಲ. ಜೀವಮಾನವೆಲ್ಲ ಇದನ್ನೇ ಪಾಠ ಮಾಡಿದೀನಿ," ಎಂದರು ರೇಖಾಗಣಿತದ ಮೇಷ್ಟ್ರಾಗಿದ್ದ ಅಪ್ಪ. "ಆ ಹುಡುಗನ ಜಾತಿಯೂ ನಮ್ಮ ಜಾತಿಯೂ ಹಾಗೇನೇ. ಮುಗೀತು."

ಸಾಪೇಕ್ಷತಾ ಸಿದ್ಧಾಂತದಲ್ಲಿ ಸಂಶೋಧನೆ ಮಾಡುತ್ತಿದ್ದ ಮಗಳು, ಅವರು ಸುಲಿದಿಟ್ಟಿದ್ದ ಕಿತ್ತಳೆಹಣ್ಣನ್ನು ಎತ್ತಿಕೊಂಡಳು.

"ಇದರ ಮೈಮೇಲೆ, ಸರಿಯಾಗಿ ಸೊಂಟದ ಹತ್ರ, ಎರಡು ಇರುವೆ ಅಕ್ಕಪಕ್ಕ ನಿಂತಿವೆ ಅಂದ್ಕೋ ಅಪ್ಪ. ಎರಡೂ ನೇರ ಮೇಲಕ್ಕೆ ಹೊರಟವು. ಎಡಕ್ಕೂ ತಿರುಗಲ್ಲ, ಬಲಕ್ಕೂ ತಿರುಗಲ್ಲ. ಏನಾಗುತ್ತೆ?"

ಅಪ್ಪ ತೊಳೆಗಳ ನಡುವಿನ ಗೆರೆಗಳನ್ನು ನೋಡಿದರು.

"ತುದೀಲಿ ಸೇರ್ತವೆ. ಅದಕ್ಕೇನೀಗ? ನೀನು ನೇರವಾಗೇ ಇದ್ದೆ. ಅವನು ನಿನ್ನ ತಲೆ ಕೆಡಿಸಿ ಆ ಕಡೆ ಎಳ್ಕೊಂಡ."

"ಇರುವೆಗಳನ್ನ ಯಾರಾದ್ರೂ ಎಳೆದ್ರಾ? ಅವು ನೇರವಾಗೇ ನಡೆದವು. ಬಾಗಿದ್ದು ನೆಲ. ಗುರುತ್ವಾಕರ್ಷಣೆ ಅಂದ್ರೂ ಇಷ್ಟೇ, ಅಲ್ಲಿ ಎಳೆಯೋರು ಯಾರೂ ಇಲ್ಲ."

"ಭೂಮಿ ಮೇಲೆ ಆ ತುದಿಗೆ ಧ್ರುವ ಅಂತಾರೆ. ಅಲ್ಲಿಗೆ ಹೋಗಿ ಸಂಸಾರ ಹೂಡ್ತೀರಾ?" ಅಪ್ಪ ಜೋರಾಗಿ ನಕ್ಕರು. "ಮದುವೆ ಅಂದ್ರೆ ಕಿತ್ತಳೆಹಣ್ಣಲ್ಲ ಕಣೇ. ತಾಳಿ ಕಟ್ಟಬೇಕು, ಅರುಂಧತಿ ತೋರಿಸಬೇಕು, ಧ್ರುವ ನಕ್ಷತ್ರ ತೋರಿಸಬೇಕು. ನಾನು ಬೇಡ ಅಂದ ಮೇಲೆ ಈ ಊರಲ್ಲಿ ಯಾವ ಪುರೋಹಿತ ಬರ್ತಾನೆ, ನಿಮಗೆ ಧ್ರುವ ತೋರಿಸೋಕೆ?"

ಮಗಳು ಒಂದು ತೊಳೆ ಬಿಡಿಸಿ ಬಾಯಿಗೆ ಹಾಕಿಕೊಂಡು, ಉಳಿದ ಹಣ್ಣನ್ನು ಅಪ್ಪನ ಅಂಗೈಯಲ್ಲಿಟ್ಟಳು.

"ಪುರೋಹಿತರು ಬೇಕಾಗ್ಲಿಲ್ಲ ಅಪ್ಪ. ನಿನ್ನೆ ರಿಜಿಸ್ಟರ್ ಆಫೀಸಿಂದ ಹೊರಗೆ ಬಂದು, ಕತ್ತಲಾಗೋವರೆಗೂ ಕಾದು, ನಾನೇ ಅವನಿಗೆ ತೋರಿಸ್ದೆ."