ಕೆಂಪು ಗುಂಡಿ

ಅತ್ತೆಯ ಫೋನು ಬಂದ ಕೂಡಲೇ ಸುಷ್ಮಾ ಓಡಿ ಬಂದು ಬಾಗಿಲು ದೂಡಿದಾಗ ಅವಳ ಅಪ್ಪಯ್ಯ ಜಟ್ಟಪ್ಪ ಮಂಚದಿಂದ ಅರ್ಧ ಜಾರಿ, ಮಂಚಕ್ಕೂ ಗೋಡೆಗೂ ನಡುವೆ ಸಿಕ್ಕಿಕೊಂಡಿದ್ದ. ಪಕ್ಕದ ಮನೆಯಲ್ಲೇ ಇರುವ ಅವನ ತಂಗಿ ಕೆರಿಯಮ್ಮ ಕಂಕುಳಿಗೆ ಕೈ ಕೊಟ್ಟು ಏದುಸಿರು ಬಿಡುತ್ತಿದ್ದಳು. ಇಬ್ಬರೂ ಸೇರಿ ಹೇಗೋ ಎತ್ತಿ ಮಲಗಿಸಿದರು. ಇಷ್ಟೆಲ್ಲ ಆದರೂ ಜಟ್ಟಪ್ಪನ ಎಡಗೈ ಹೆಬ್ಬೆರಳು ಮಾತ್ರ ರಿಮೋಟಿನ ಕೆಂಪು ಗುಂಡಿಯನ್ನು ಒತ್ತಿ ಹಿಡಿದೇ ಇತ್ತು.

"ಮಜ್ಜಿಗೆ ಕೊಡೂಕೆ ಅಂತ ಬಂದೆ ಕಣೆ. ಬರದೇ ಇದ್ದಿದ್ರೆ ಇವನ ಗತಿ ಎಂತ?" ಕೆರಿಯಮ್ಮ ಕೂಗಾಡಿದಳು. "ನಿನ್ನ ಪೆಟ್ಟಿಗೆ ಎಂತ ಮಾಡ್ತಾ ಇತ್ತು?"

ಪೆಟ್ಟಿಗೆ ಗೋಡೆಯ ಮೇಲೆ ಹಸಿರು ದೀಪ ಮಿಟುಕಿಸುತ್ತ, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಕೂತಿತ್ತು. ಲಕ್ವ ಹೊಡೆದು ಅಪ್ಪಯ್ಯನ ಮಾತು, ಬಲಗೈ ಎರಡೂ ಹೋದಮೇಲೆ ಸುಷ್ಮಾಳೇ ಕಟ್ಟಿದ್ದು ಅದು. ಅಂಗೈಯಗಲದ ಕಂಪ್ಯೂಟರು, ಅದನ್ನು ನಡೆಸಲು ಲಿನಕ್ಸ್ ಎಂಬ ತಂತ್ರಾಂಶ, ಕಣ್ಣಿಗೆ ಕಾಣದ ರಿಮೋಟಿನ ಬೆಳಕನ್ನು ಹಿಡಿಯಲು ಒಂದು ಕರಿ ಕಣ್ಣು. ಇದಕ್ಕೆಂದೇ ಇಟ್ಟ ಹಳೇ ರಿಮೋಟಿನ ಕೆಂಪು ಗುಂಡಿ ಒತ್ತಿದರೆ, ಹೊಸನಗರ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುವ ಅವಳ ಫೋನು ಬಡಿದುಕೊಳ್ಳಬೇಕು. ಪೆಟ್ಟಿಗೆಯನ್ನು ಗೋಡೆಗೆ ಹಾಕಿದ ಹತ್ತೊಂಬತ್ತು ದಿನದಿಂದ ಫೋನು ತೆಪ್ಪಗಿತ್ತು. ಅಂದರೆ ಅಪ್ಪಯ್ಯ ಆರಾಮ ಎಂದು ಅವಳು ನಿಶ್ಚಿಂತಳಾಗಿದ್ದಳು. ಬಂದವರಿಗೆಲ್ಲ ಪೆಟ್ಟಿಗೆ ತೋರಿಸಿ ಜಂಬ ಕೊಚ್ಚಿಕೊಂಡದ್ದೂ ಉಂಟು.

"ನಿನ್ನ ಅಣ್ಣ ಮೊದ್ಲೇ ಹೇಳಿದ್ದ." ಕೆರಿಯಮ್ಮ ಸೊಂಟದಿಂದ ಫೋನು ತೆಗೆದಳು. "ಇದು ಒಂದು ಸಲ ಕೈಕೊಟ್ರೂ ಅಪ್ಪಯ್ಯನ್ನ ಶಿವಮೊಗ್ಗದ ವೃದ್ಧಾಶ್ರಮಕ್ಕೆ ಬಿಡ್ತೀನಿ ಅಂತ. ಗಣೇಶಂಗೆ ಈಗ್ಲೇ ಹೇಳ್ತೀನಿ."

"ಒಂದು ಗಂಟೆ ತಡಿ ಅತ್ತೆ, ನಿನ್ನ ದಮ್ಮಯ್ಯ. ಎಂತ ಆಗಿದೆ ನೋಡ್ತೀನಿ. ಸರಿ ಆಗದೇ ಇದ್ರೆ ನೀನೇ ಫೋನ್ ಮಾಡು."

ಅವಳು ಲ್ಯಾಪ್‌ಟಾಪ್ ತೆಗೆದು ಪೆಟ್ಟಿಗೆಗೆ ಜೋಡಿಸಿದಳು. ಮಾತು ಬಾರದವನ ಕಣ್ಣು, ಹುಬ್ಬು ನೋಡಿ ಅವನಿಗೆ ಬೇಕಾದ್ದನ್ನು ತಿಳಿದುಕೊಳ್ಳುವವರು ಆ ಆಶ್ರಮದಲ್ಲಿ ಯಾರಿದ್ದಾರೆ? ಕರಿ ಕಣ್ಣಿಗೆ ಬಿದ್ದ ಪ್ರತಿಯೊಂದು ಮಿಣುಕನ್ನೂ ಪೆಟ್ಟಿಗೆ ಬರೆದಿಟ್ಟಿತ್ತು. ಬೆಳಿಗ್ಗೆ ಹನ್ನೊಂದೂಕಾಲರಿಂದ ಇಪ್ಪತ್ತು ನಿಮಿಷ, ಹತ್ತು ಸಾವಿರ ಚಿಲ್ಲರೆ ಸಾಲು. ಅಂದರೆ ಪೆಟ್ಟಿಗೆಗೆ ಎಲ್ಲ ಕಂಡಿತ್ತು, ಕಂಡೂ ಸುಮ್ಮನಿತ್ತು.

ರಿಮೋಟಿನ ಭಾಷೆಯೇ ಹಾಗೆ. ಬೆರಳು ಒತ್ತಿದ ಕೂಡಲೇ ಒಂದೇ ಒಂದು ಸಲ 'ಕೆಂಪು ಗುಂಡಿ' ಎಂದು ಪೂರ್ತಿ ಹೇಳುತ್ತದೆ. ಬೆರಳು ತೆಗೆಯದೇ ಇದ್ದರೆ ಆಮೇಲೆ ಬರೀ 'ಅದೇ, ಅದೇ, ಅದೇ'. ಜಟ್ಟಪ್ಪನ ಕೈ ಯಾವಾಗಲೂ ಕಂಬಳಿಯೊಳಗೆ. ಮೊದಲ ಮಾತು ಕಂಬಳಿ ದಾಟಿ ಬಂದಿರಲಿಲ್ಲ. ಅವನು ಕಷ್ಟಪಟ್ಟು ಕೈ ಹೊರಗೆ ತರುವಷ್ಟರಲ್ಲಿ ಉಳಿದದ್ದು 'ಅದೇ, ಅದೇ' ಅಷ್ಟೇ. 'ಅದೇ' ಎಂದರೆ ಯಾವುದು ಎಂದು ತಿಳಿಯದ ಲಿನಕ್ಸ್ ಅಷ್ಟನ್ನೂ ಕಸವೆಂದು ಎಸೆದಿತ್ತು.

ಇಷ್ಟು ಹೊತ್ತಿನ ಹೆದರಿಕೆಯೆಲ್ಲ ಅವಳಲ್ಲಿ ಸಿಟ್ಟಾಗಿ ಎದ್ದಿತು. "ಒತ್ತಿ ಬಿಡ್ಬೇಕು ಅಪ್ಪಯ್ಯ! ಎಷ್ಟು ಸಲ ಹೇಳಿದೀನಿ? ಒತ್ತು, ಬಿಡು. ಮತ್ತೆ ಒತ್ತು, ಬಿಡು."

ಜಟ್ಟಪ್ಪ ಹೂಂ ಎಂಬಂತೆ ತಲೆಯಾಡಿಸಿ, ಕೈಯನ್ನು ಕಂಬಳಿಯೊಳಗೆ ಸೇರಿಸಿದ. ಒತ್ತಿದ. ಬಿಡಲಿಲ್ಲ.

"ಅವ ಹ್ಯಾಂಗೆ ಬಿಡ್ತಾನೆ?" ಕೆರಿಯಮ್ಮನ ದನಿ ಈಗ ಇಳಿದಿತ್ತು. "ಮೂವತ್ತು ವರ್ಷ ಹಿನ್ನೀರಲ್ಲಿ ದೋಣಿ ಹಾಕಿದವ. ಆಚೆ ದಡದವ್ರು ಕೂ ಹಾಕಿದ್ರೆ, ದೋಣಿಯವ ಓ ಅನ್ನೋ ತನಕ ಕೂಗ್ತಾನೇ ಇರ್ಬೇಕು. ನಡುವೆ ನಿಲ್ಸಿದ್ರೆ ವಾಪಸ್ ಹೋದ್ರು ಅಂತ ಲೆಕ್ಕ. ದೋಣಿ ಬರೂದಿಲ್ಲ."

ಸುಷ್ಮಾ ಲ್ಯಾಪ್‌ಟಾಪನ್ನು ಮತ್ತೆ ತನ್ನತ್ತ ಎಳೆದುಕೊಂಡಳು. ಆಮೇಲೆ ಪ್ರೋಗ್ರಾಮಿನಲ್ಲಿ ನಾಲ್ಕು ಸಾಲು ತಿದ್ದಿದಳು. ಇನ್ನು ಮೇಲೆ ಬರೀ 'ಅದೇ' ಕೇಳಿದರೂ ಪೆಟ್ಟಿಗೆ ಅದನ್ನು ಕರೆ ಎಂದೇ ತಿಳಿಯಬೇಕು. ಫೋನಿನಲ್ಲಿ ತನ್ನ ದನಿ ಹಿಡಿದು, ಒಂದು ಚಿಕ್ಕ ಸ್ಪೀಕರಿನ ಜೊತೆ ಅದನ್ನೂ ಪೆಟ್ಟಿಗೆಗೆ ಜೋಡಿಸಿದಳು. "ಕಂಬಳಿ ಒಳಗೇ ಒತ್ತು ಅಪ್ಪಯ್ಯ. ಈಗ ಕೈ ಹೊರಗೆ ತೆಗಿ."

ಅವಳ ಫೋನು ಬಡಿದುಕೊಂಡಿತು. ಅದರ ಜೊತೆಗೇ ಗೋಡೆಯಿಂದ "ಓ... ಬಂದೆ ಅಪ್ಪಯ್ಯ!" ಎಂದು ಕೇಳಿಸಿತು. ಜಟ್ಟಪ್ಪ ಗೋಡೆಯತ್ತ ನೋಡಿದ, ಮಗಳತ್ತ ನೋಡಿದ. ಹೆಬ್ಬೆರಳು ಮೆಲ್ಲಗೆ ಗುಂಡಿ ಬಿಟ್ಟು ಮೇಲೆದ್ದಿತು.

ಕೆರಿಯಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಆಯ್ತು ಬಿಡು. ಗಣೇಶಂಗೆ ಎಂತದೂ ಹೇಳೂದಿಲ್ಲ. ನೀ ಧೈರ್ಯವಾಗಿ ಕ್ಲಾಸಿಗೆ ಹೋಗು."

ಸುಷ್ಮಾಳಿಗೆ ಹೋದ ಜೀವ ಬಂದಂತಾಯಿತು. ಲ್ಯಾಪ್‌ಟಾಪ್ ಮುಚ್ಚಲು ಹೋದವಳು ಏನೋ ಅನುಮಾನ ಬಂದು ಸಾಲುಗಳನ್ನು ಮೇಲಕ್ಕೆ ಸರಿಸಿದಳು. ನಿನ್ನೆ, ಹತ್ತೂವರೆಗೆ: ಅದೇ, ಅದೇ, ಅದೇ. ಮೊನ್ನೆ, ಹನ್ನೆರಡಕ್ಕೆ. ಅದರ ಹಿಂದಿನ ದಿನ ಎರಡು ಸಲ. ಸರಿಸುತ್ತ ಸರಿಸುತ್ತ ಹತ್ತೊಂಬತ್ತು ದಿನವೂ ಮುಗಿದವು. ಅವನು ಕರೆಯದ ದಿನ ಒಂದೂ ಇರಲಿಲ್ಲ.

ಬೆನ್ನ ಹಿಂದೆ ಅಪ್ಪಯ್ಯ ಮತ್ತೊಮ್ಮೆ ಗುಂಡಿ ಒತ್ತಿದ. ಪೆಟ್ಟಿಗೆ ಒಂದಿಷ್ಟೂ ತಡಮಾಡದೆ, ಅವಳದೇ ದನಿಯಲ್ಲಿ ಓಗೊಟ್ಟಿತು. ಸುಷ್ಮಾ ಮಾತ್ರ ಇನ್ನೂ ಆ ಹತ್ತೊಂಬತ್ತು ದಿನದ ಸಾಲುಗಳನ್ನೇ ನೋಡುತ್ತಿದ್ದಳು.