ನಿಯಮ ನಾಲ್ಕು

ಮೇಸ್ತ್ರಿಯ ಎದೆಗೆ ಸಿದರಾಯ ಒದ್ದ. ಮದಾರಸಾಬ ಮೇಸ್ತ್ರಿ ಹಸಿ ಮಣ್ಣಿನ ಗುಡ್ಡೆಯ ಮೇಲೆ ಅಂಗಾತ ಬಿದ್ದ. ಅವನ ಬಿಳಿ ಅಂಗಿಯ ತುಂಬ ರಕ್ತ. ಖಾನಾಪುರದ ಆ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಒತ್ತುವ ಪ್ರೆಸ್ಸು ನಿಂತಿತ್ತು. ಹತ್ತಾರು ಜನ ಗೋಡೆಗೆ ಅಂಟಿ ನಿಂತಿದ್ದರು. ಒಬ್ಬನೂ ಮುಂದೆ ಬರಲಿಲ್ಲ.

"ಹಿಡೀರಿ ಅವನ್ನ," ಮೇಸ್ತ್ರಿ ಬಿದ್ದಲ್ಲಿಂದಲೇ ಕೂಗಿದ. "ಹಿಂಗ ಹೋಗಾಕ ಬಿಟ್ರ ಒಂದ ಜೀವ ಹೋಗತೈತಿ."

ಬೆಳಗಿನಿಂದ ನಾಲ್ಕು ಸಲ ಸಿದರಾಯ ಅರ್ಧ ದಿನದ ರಜೆ ಕೇಳಿದ್ದ. ನಾಲ್ಕು ಸಲವೂ ಮೇಸ್ತ್ರಿ, "ಮೊದಲ ಈ ಲೋಡ ಮುಗಸು. ಲಗೂ ಲಗೂ ಒತ್ತು," ಎಂದಿದ್ದ. ಐದನೆಯ ಸಲ ಕೇಳುವ ಗೊಡವೆಗೆ ಅವನು ಹೋಗಲಿಲ್ಲ.

ಊಟದ ಡಬ್ಬಿಯ ರೊಟ್ಟಿ ಪಲ್ಯ ನೆಲಕ್ಕೆ ಸುರಿದ. ಖಾಲಿ ಡಬ್ಬಿ ಹಿಡಿದು ಪ್ರೆಸ್ಸಿನ ಬುಡಕ್ಕೆ ಬಗ್ಗಿದ. ಮೊಣಕಾಲಿಗೆ ಒತ್ತಿ ಮುಚ್ಚಳ ಬಿಗಿದ. ಎಡಗೈಯನ್ನು ಖಾಕಿ ಕೋಟಿನ ಜೇಬಿಗೆ ತುರುಕಿ ಹೊರಬಿದ್ದ. ಹನ್ನೆರಡೂವರೆಯಾಗಿತ್ತು.

ರಸ್ತೆಯಲ್ಲಿ ಮಾಯಕ್ಕನ ಕಬ್ಬಿನ ಹಾಲಿನ ಗಾಡಿ.

"ಹಾಲ ಬ್ಯಾಡ. ಬರ್ಫ ಕೊಡು."

ಅವನ ಮುಖ ನೋಡಿ ಅವಳು ಒಂದು ಚೀಲದ ತುಂಬ ಮಂಜುಗಡ್ಡೆ ಸುರಿದಳು. "ಈ ಸಿಟ್ಟಿಗೆ ಗಾಡಿ ಬರ್ಫನೂ ಸಾಲಂಗಿಲ್ಲ ತಮ್ಮಾ."

"ಎರಡ ಗಂಟಿ ತನಕ ತಡದ್ರ ಸಾಕು," ಎಂದು ಡಬ್ಬಿಯನ್ನು ಅದರೊಳಗೆ ಹುಗಿದ.

ಹಂಚು ಹೇರಿಕೊಂಡು ಬೆಳಗಾವಿಗೆ ಹೊರಟಿದ್ದ ಟೆಂಪೋದ ಎದುರು ಹೋಗಿ ನಿಂತ. ಚಾಲಕ ಶಾದಾಬ ಬ್ರೇಕು ಒತ್ತಿ ಬೈದ. ಸಿದರಾಯ ಹತ್ತಿ ಕುಳಿತ. ಶಾದಾಬನ ಕಣ್ಣು ಪದೇ ಪದೇ ಆ ಜೇಬಿಗೆ ಹೋಗುತ್ತಿತ್ತು. ಒಳಗೆ ಚಾಕು ಇರಬೇಕು.

"ಯಾರಿಗೆ ಹೊಡ್ಯಾಕ ಹೊಂಟೀಯೋ ಮಾರಾಯಾ?"

"ಹೊಡತ ಬಿದ್ದಾತು. ಗಾಡಿ ಜೋರ ಬಿಡು."

ಸಿದರಾಯನ ಮಗಳು ಸಮೃದ್ಧಿ ಬೆಳಗಾವಿಯ ಕ್ಯಾಂಪ್ ಬಡಾವಣೆಯ ಒಂದು ಖಾಸಗಿ ಶಾಲೆಯಲ್ಲಿ ಮೂರನೆಯ ತರಗತಿ. ಈ ವರ್ಷದಿಂದ ಮಕ್ಕಳು ಮನೆಯಿಂದಲೇ ಟ್ಯಾಬ್ಲೆಟ್ಟು ತರಬೇಕು. ಅದಕ್ಕೆ ನಿಯಮಗಳ ಒಂದು ಹಾಳೆ. ಹಿಂಬದಿಗೆ ಹೆಸರಿನ ಚೀಟಿ. ಕ್ಯಾಮೆರಾಕ್ಕೆ ಕಪ್ಪು ಟೇಪು. ದಾರಿಯಲ್ಲಿ ಮಕ್ಕಳು ಆಟ ಆಡಬಾರದೆಂದು ನಾಲ್ಕನೆಯ ನಿಯಮ: ಬೀಗ ಒಬ್ಬ ಪಾಲಕರ ಹೆಬ್ಬೆಟ್ಟಿನಿಂದ ಮಾತ್ರ ತೆರೆಯತಕ್ಕದ್ದು. ಮೂರು ಸಲ ತಪ್ಪಿದರೆ ಮಗುವಿನ ಹೆಸರು ಹೊಡೆದುಹಾಕಲಾಗುವುದು.

ಮೊದಲ ದಿನ ಹೆಡ್‌ಮಾಸ್ತರ ಚನ್ನಬಸಯ್ಯನವರು ಒಂದೊಂದೇ ಟ್ಯಾಬ್ಲೆಟ್ಟು ತೆಗೆದುಕೊಂಡು, ಪರದೆಗೆ ಅಂಗೈ ಮರೆಮಾಡಿ ಏನೋ ಒತ್ತಿ, ಮೇಜಿನ ಮೇಲಿಡುತ್ತಿದ್ದರು. ಹೆಬ್ಬೆಟ್ಟು ದಾಖಲಿಸಲು ಉಳಿದ ಅಪ್ಪಂದಿರು ಬಲಗೈ ಚಾಚಿದರು. ಸಿದರಾಯ ಎಡಗೈ ಚಾಚಿದ. ಸಹಿ ಬಾರದವರು ಕಾಗದದ ಮೇಲೆ ಒತ್ತುವುದು ಎಡಗೈ ಹೆಬ್ಬೆಟ್ಟು. ಅವನ ಕೈಗೆ ಅದೇ ರೂಢಿ. ಸಾಲಿನಲ್ಲಿ ಯಾರೋ ನಕ್ಕರು. ಎರಡನೆಯ ತರಗತಿಗೇ ಶಾಲೆ ಬಿಟ್ಟವನಿಗೆ ಆ ನಗೆ ಹೊಸದಲ್ಲ. ಆದರೂ ಚುಚ್ಚಿತು.

ದಿನಾ ಬೆಳಿಗ್ಗೆ ಬೀಗ ತೆರೆದುಕೊಟ್ಟು ಖಾನಾಪುರದ ಬಸ್ಸು ಹಿಡಿಯುತ್ತಿದ್ದ. ಎರಡು ದಿನ ತಡವಾಯಿತು. ಎರಡೂ ದಿನ ಸಮೃದ್ಧಿಯನ್ನು ಸಂಜೆಯ ತನಕ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ ಕೂರಿಸಿದರು. ಇಂದು ಪರೀಕ್ಷೆ, ಮಧ್ಯಾಹ್ನ ಎರಡಕ್ಕೆ; ಬೀಗ ಆಗಲೇ ಬಂದು ತೆರೆಯಬೇಕು, ತಪ್ಪಿದರೆ ಅದು ಮೂರನೆಯ ಸಲ. ಕೆಲಸ ಬಿಟ್ಟು ಬರಲು ಆಗದೆಂದು, ಬೆಳಿಗ್ಗೆಯೇ ತೆರೆದು ಹೋಗುವೆನೆಂದು ನಿನ್ನೆ ಫೋನಿನಲ್ಲಿ ಬೇಡಿಕೊಂಡಿದ್ದ.

"ನಿಮ್ಮ ಮಾತ ಬ್ಯಾಡ್ರಿ, ಎರಡಕ್ಕ ಹೆಬ್ಬೆಟ್ಟ ಬೇಕು," ಎಂದಿದ್ದರು ಚನ್ನಬಸಯ್ಯನವರು. "ನಾವಾದ್ರೂ ಏನ್ ಮಾಡೂಣು. ತೆರ್ಯಾಕ ಬ್ಯಾರೆ ಹಾದಿನ ಇಲ್ಲ."

ಶಾಲೆಯ ಗೇಟಿನಲ್ಲಿ ಕಾವಲುಗಾರ ಕೋಲು ಅಡ್ಡ ಹಿಡಿದ. "ಚೀಲದಾಗ ಏನೈತಿ?"

"ಹೆಡ್‌ಮಾಸ್ತರಗ ಕೊಡೂದು."

"ತಗದ ತೋರಸು."

ಸಿದರಾಯ ಹಣೆಯಿಂದ ಅವನ ಮೂಗಿಗೆ ಗುದ್ದಿದ. ಮೂಳೆ ಲಟಕ್ಕೆಂದಿತು. ಕಾವಲುಗಾರ ಮುಖ ಹಿಡಿದು ಕುಸಿದ. ಸಿದರಾಯ ಅವನನ್ನು ದಾಟಿ ನಡೆದ.

ಚಪ್ಪಲಿಗಳ ನಡುವೆ ಸಮೃದ್ಧಿ ಕುಳಿತಿದ್ದಳು. "ಅಪ್ಪಾ, ಇನ್ನ ಐದ ಮಿಂಟ ಐತಿ."

"ಕಣ್ಣ ಮುಚ್ಚಕೊಂಡ ಕುಂದರು ಕೂಸ. ನಾ ಹೇಳೂ ತನಕ ತಗೀಬ್ಯಾಡ."

ಅವಳು ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡಳು.

ಹೆಡ್‌ಮಾಸ್ತರರ ಕೋಣೆಯ ಬಾಗಿಲಿಗೆ ಒದ್ದ. ಚಿಲಕ ಕಿತ್ತು ಬಿತ್ತು. ಚನ್ನಬಸಯ್ಯನವರು ಗೋಡೆಗೆ ಸರಿದರು. ಮೇಜಿನ ಮೇಲೆ ಒಂದೇ ಟ್ಯಾಬ್ಲೆಟ್ಟು ಉಳಿದಿತ್ತು, ಸಮೃದ್ಧಿಯ ಹೆಸರಿನದು.

"ಸಿದರಾಯಾ, ಕುಂದರ್ರಿ. ಕುಂತ ಮಾತಾಡೂಣು."

ಹಿಂದೆಯೇ ಬೈಕು ನಿಂತ ಸದ್ದು. ಮದಾರಸಾಬ ಮೇಸ್ತ್ರಿ ಏದುಸಿರು ಬಿಡುತ್ತ ಒಳಗೆ ನುಗ್ಗಿದ. ಅವನ ಅಂಗಿ ನೋಡಿ ಚನ್ನಬಸಯ್ಯನವರು ಕೂಗಿದರು. "ಪೊಲೀಸರಿಗೆ ಫೋನ್ ಮಾಡ್ರಿ. ನಿಮಗ ಎಲ್ಲಿ ಹೊಡದಾನ?"

"ನನಗೇನೂ ಆಗಿಲ್ರಿ," ಮೇಸ್ತ್ರಿ ಅಂದ. "ಈ ರಕ್ತ ನಂದಲ್ಲ."

ಸಿದರಾಯ ಎಡಗೈಯನ್ನು ಜೇಬಿನಿಂದ ತೆಗೆದ. ಸುತ್ತಿದ ಟವೆಲ್ಲು ತೊಟ್ಟಿಕ್ಕುತ್ತಿತ್ತು. ಹೊರಗೆ ನಾಲ್ಕೇ ಬೆರಳು ಕಾಣುತ್ತಿದ್ದವು. ಬಲಗೈಯಿಂದ ಡಬ್ಬಿ ತೆರೆದು, ಪ್ರೆಸ್ಸು ಕತ್ತರಿಸಿದ್ದ ತನ್ನ ಹೆಬ್ಬೆರಳನ್ನು ಹೊರತೆಗೆದ.

"ಮಾತ ಬ್ಯಾಡ ಅಂದಿದ್ರಿ. ಮಾತ ತಂದಿಲ್ರಿ."

ಅದನ್ನು ಟ್ಯಾಬ್ಲೆಟ್ಟಿನ ಮೇಲೆ ಒತ್ತಿದ. ತೆರೆಯಲಿಲ್ಲ. ಅಂಗಿಗೆ ಒರೆಸಿ ಮತ್ತೆ ಒತ್ತಿದ. ಬಾಯಿಯ ಬಿಸಿಯುಸಿರು ಊದಿ ಮೂರನೆಯ ಸಲ ಒತ್ತಿದ. ಪರದೆಯ ಮೇಲೆ ಕೆಂಪು ಗೆರೆಗಳಷ್ಟೇ ಮೂಡಿದವು. ಮೇಸ್ತ್ರಿ ಗೋಡೆಗೆ ಹಣೆಯಿಟ್ಟು ಅಳತೊಡಗಿದ. ಹೊರಗೆ ಎರಡರ ಗಂಟೆ ಹೊಡೆಯಿತು.

ಚನ್ನಬಸಯ್ಯನವರು ಟ್ಯಾಬ್ಲೆಟ್ಟನ್ನು ಎಳೆದುಕೊಂಡು, ಈ ಸಲ ಅಂಗೈ ಮರೆಮಾಡದೆ ನಾಲ್ಕು ಅಂಕಿ ಒತ್ತಿದರು, ಅದು ತೆರೆದುಕೊಂಡಿತು.